ಮೂರನೇ ತೂತಿನ ಹಿಂದೆ

ಸ್ಕ್ರೂ ತಲೆಯ ಗೀರಿನಲ್ಲಿ ವಿಭೂತಿ ಕೂತಿತ್ತು.

ಸ್ಕ್ರೂಡ್ರೈವರ್ ಚಾಚಿದ್ದ ಅರುಣಾ ಹಾಗೇ ಕೈ ಹಿಂದಕ್ಕೆಳೆದುಕೊಂಡಳು. ಟಾರ್ಚನ್ನು ಗೋಡೆಯ ಹತ್ತಿರಕ್ಕೆ ಹಿಡಿದಳು. ಒಂದಲ್ಲ, ಎರಡೂ ಸ್ಕ್ರೂ. ಗೀರು ತುಂಬ ವಿಭೂತಿ ಸುಣ್ಣದ ಹಾಗೆ ಗಟ್ಟಿ ಕಟ್ಟಿತ್ತು. ಅದರ ಮೇಲೆ ಒಗ್ಗರಣೆ ಹೊಗೆಯ ಜಿಡ್ಡು.

"ಪಾಲಣ್ಣಾರೇ, ಇಲ್ಲಿ ಬರ್ರಿ. ಇದನ್ನ ನೀವೇ ಕಣ್ಣಾರೆ ನೋಡ್ಬೇಕು."

ಬೋರಲು ಹಾಕಿದ ಅನ್ನದ ಪಾತ್ರೆಯ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಪಾಲಣ್ಣ ಮೊಣಕಾಲು ಹಿಡಿದುಕೊಂಡು ಎದ್ದರು. "ಏನ್ ಮೇಡಮ್, ಪ್ಲಗ್ಗಿಗೂ ಕೈ ಮುಗಿಸ್ತೀರಾ ನಮ್ಮ ಹತ್ರ?"

"ಮುಗೀರಿ, ತಪ್ಪೇನಿಲ್ಲ. ಒಬ್ಬ ಮನುಷ್ಯನ್ನ ಜೈಲಿನಿಂದ ಬಿಡಿಸಾಕೆ ಹೊಂಟೈತೆ ಇದು."

ಹನ್ನೆರಡು ದಿನದ ಹಿಂದೆ, ಚನ್ನಗಿರಿಯ ಈ ಹಳೇ ಮನೆಯ ಖಾನಾವಳಿಯಲ್ಲಿ, ಈ ಪ್ಲಗ್ಗಿಗೆ ಸಿಕ್ಕಿಸಿದ್ದ ಗ್ರೈಂಡರ್ ಮೇಲೆ ಕೈಯಿಟ್ಟು ಅಡುಗೆಯ ಅಂಜಮ್ಮ ಸತ್ತಿದ್ದಳು. ಸಂಕ್ರಾಂತಿ ಕಳೆದ ಮೇಲೆ ಯಾರಿಗೂ ಹೇಳದೆ ಪ್ಲಗ್ ಬದಲಿಸಿದವನು ಕೂಲಿ ವೈರ್‌ಮನ್ ಕೆಂಚೇಶ್ ಎಂದು ದೂರು ಬಿದ್ದಿತ್ತು. ಗೊತ್ತಿದ್ದೂ ಸಾವಿಗೆ ದಾರಿ ಮಾಡಿದ ಎಂಬ ಕಲಂ ಹಾಕಿ ಅವನನ್ನು ಒಳಗೆ ಕೂರಿಸಿದ್ದರು. ಜಾಮೀನು ಅರ್ಜಿ ಇವತ್ತು ಮೂರು ಗಂಟೆಗೆ ದಾವಣಗೆರೆ ಕೋರ್ಟಿನಲ್ಲಿ. ಈಗ ಹನ್ನೊಂದೂಕಾಲು.

ಅರುಣಾ ಜಗಳೂರು ಸೀಮೆಯ ಹೆಣ್ಣುಮಗಳು. ಐಟಿಐ ಓದಿ, ವೈರ್‌ಮನ್ ಪರ್ಮಿಟ್ ತೆಗೆದುಕೊಂಡು, ನ್ಯಾಮತಿಯಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟವಳು. ಹೊನ್ನಾಳಿಯ ವಕೀಲ ರೇಣುಕಪ್ರಸಾದ್ ಅವಳನ್ನು ಕರೆಸಿ ಹೇಳಿದ್ದು ಒಂದೇ ಮಾತು: ಕೋರ್ಟು ಒಂದು ದಿನ ಪರಿಶೀಲನೆಗೆ ಬಿಟ್ಟಿದೆ, ಗೋಡೆಯನ್ನು ಮಾತಾಡಿಸಿಕೊಂಡು ಬಾ.

ಗೋಡೆ ಈಗ ಮಾತಾಡುತ್ತಿತ್ತು.

ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ಖಾನಾವಳಿಯ ಒಡತಿ ಕಸ್ತೂರಮ್ಮನ ಕಡೆ ತಿರುಗಿದಳು ಅರುಣಾ. "ಅಮ್ಮಾ, ಈ ಬೋರ್ಡಿಗೆ ವಿಭೂತಿ ಹಚ್ಚಿದ್ದು ಯಾರು?"

"ನಾನೇ ಕಣವ್ವಾ. ಆಯುಧ ಪೂಜೆಗೆ."

"ದಿನಾ ಹಚ್ತೀರಾ?"

"ದಿನಾ ಯಾರ್ ಹಚ್ತಾರೆ? ವರ್ಷಕ್ಕೊಂದ್ ಸಲ. ನೀರಲ್ಲಿ ಕಲಸಿ ಮೂರು ಬೆರಳಲ್ಲಿ ಎಳೀತೀನಿ. ಒಲೆ, ತಕ್ಕಡಿ, ಗ್ರೈಂಡರು, ಕರೆಂಟು ಬೋರ್ಡು, ಎಲ್ಲಾಕೂ. ನಮ್ಮತ್ತೆ ಕಾಲದಿಂದ ನಡಕಂಡು ಬಂದೈತೆ."

"ಆಮೇಲೆ ಒರೆಸೋದು?"

"ಒರೆಸಂಗಿಲ್ಲ. ತಾನಾಗೇ ಹೋಗ್ಬೇಕು."

ಅರುಣಾ ಟಾರ್ಚಿನ ಬೆಳಕನ್ನು ನಿಧಾನಕ್ಕೆ ಎಡದಿಂದ ಬಲಕ್ಕೆ ಸರಿಸಿದಳು. ಮೂರು ಬಿಳಿ ಗೆರೆ. ಹಳೇ ತೇಗದ ಹಲಗೆಯ ಮೇಲೆ ಶುರುವಾಗಿ, ಬಿಳಿ ಪ್ಲಾಸ್ಟಿಕ್ಕಿನ ಮೂರು ತೂತಿನ ಪ್ಲಗ್ಗಿನ ಮೇಲೆ ಹಾದು, ಆಚೆ ಬದಿಯ ಹಲಗೆಗೆ ಇಳಿದಿದ್ದವು. ಹಲಗೆಗೂ ಪ್ಲಗ್ಗಿಗೂ ನಡುವಿನ ಸಂದಿಯಲ್ಲೂ ಗೆರೆ ಕಡಿದಿರಲಿಲ್ಲ. ಸಂದಿಯೊಳಗೆ ಒಂದು ಚೆಂಡುಹೂವಿನ ಎಸಳು ಒಣಗಿ ಅಂಟಿತ್ತು.

"ಪಾಲಣ್ಣಾರೇ, ಆಯುಧ ಪೂಜೆ ಯಾವಾಗ?"

"ಅಕ್ಟೋಬರ್."

"ಸಂಕ್ರಾಂತಿ?"

"ಜನವರಿ." ಪಾಲಣ್ಣನ ಹುಬ್ಬು ಮೆಲ್ಲಗೆ ಮೇಲೇರಿತು. "ಓಹೋ."

"ಜನವರಿಯಲ್ಲಿ ಈ ಪ್ಲಗ್ ಹಾಕಿದ್ರೆ ಅಕ್ಟೋಬರಿನ ವಿಭೂತಿ ಇದರ ಮೇಲೆ ಹೆಂಗೆ ಬಂತು? ಈ ಸ್ಕ್ರೂಗೆ ಪೂಜೆ ಆದ ಮೇಲೆ ಯಾರೂ ಸ್ಕ್ರೂಡ್ರೈವರ್ ಇಟ್ಟಿಲ್ಲ. ಇಟ್ಟಿದ್ರೆ ಗೀರಲ್ಲಿರೋ ವಿಭೂತಿ ಉದುರ್ತಿತ್ತು. ಬರ್ಕೊಳ್ರಿ. ನಾನು ಫೋಟೋ ತಗೀತೀನಿ, ಆಮೇಲೆ ಬಿಚ್ತೀನಿ."

ಕೆಂಚೇಶ್ ಈ ಊರಿಗೆ ಕೆಲಸಕ್ಕೆ ಬಂದದ್ದೇ ದೀಪಾವಳಿ ಆದ ಮೇಲೆ. ಅಲ್ಲಿಯವರೆಗೆ ಅವನು ಜಗಳೂರಿನ ಕಡೆ ಗಾಳಿಯಂತ್ರದ ಕಂಬಗಳಡಿ ಕೇಬಲ್ ಎಳೆಯುತ್ತಿದ್ದ. ಅದಕ್ಕೆ ಹಾಜರಿ ಪುಸ್ತಕದ ಸಾಕ್ಷಿ ಇತ್ತು.

ಕಂಬದಿಂದಲೇ ಕರೆಂಟು ತೆಗೆದಿದ್ದರೂ ಅರುಣಾ ಟೆಸ್ಟರ್ ಇಟ್ಟು ನೋಡಿದಳು, ಮೀಟರ್ ಇಟ್ಟು ಇನ್ನೊಮ್ಮೆ ನೋಡಿದಳು. ಆಮೇಲೆ ಸ್ಕ್ರೂ ತಿರುಗಿಸಿದಳು. ವಿಭೂತಿ ಪುಡಿಪುಡಿಯಾಗಿ ಅವಳ ಬೆರಳ ಮೇಲೆ ಉದುರಿತು.

ಪ್ಲಗ್ ಹೊರಕ್ಕೆ ಬಂತು. ಅದರ ಬೆನ್ನಿಗೆ ಎರಡು ಹಳೇ ತಂತಿ. ಐವತ್ತು ವರ್ಷದ ಹಿಂದಿನ ಅಲ್ಯೂಮಿನಿಯಂ. ಮರದ ರೀಪಿನ ಮೇಲೆ ಮೊಳೆ ಹೊಡೆದು ಎಳೆದ ಕಾಲದ್ದು. ಆ ಕಾಲಕ್ಕೆ ಈ ಮನೆಯಲ್ಲಿ ಎರಡೇ ತೂತು, ಎರಡೇ ತಂತಿ.

ಮೂರನೇ ತಂತಿ ಇರಲಿಲ್ಲ.

ಮೂರನೇ ಪಿನ್ನಿನಿಂದ ಎರಡಂಗುಲದ ಒಂದು ತುಂಡು ತಂತಿ ಹೊರಟು, ಪಕ್ಕದಲ್ಲಿ ಕರೆಂಟು ವಾಪಸ್ ಹೋಗುವ ನ್ಯೂಟ್ರಲ್ ಪಿನ್ನಿಗೆ ಗಂಟು ಬಿದ್ದಿತ್ತು. ಅಷ್ಟೇ.

ಅರುಣಾ ಅದರ ಪಕ್ಕ ಬೆರಳಿಟ್ಟು ಅಳೆದಳು. ಎರಡಂಗುಲ. ಹೆಣ್ಣುಮಕ್ಕಳ ತಲೆಗೆ ಹಾಕುವ ಪಿನ್ನಿನಷ್ಟು ಉದ್ದ.

"ಏನವ್ವಾ ಅದು?" ಕಸ್ತೂರಮ್ಮ ಹತ್ತಿರ ಬಂದರು.

"ಮೋಸ, ಅಮ್ಮಾ."

"ನಂಗೆ ತಿಳಿಯಂಗೆ ಹೇಳು."

"ಮೇಲಿನ ದಪ್ಪ ತೂತು ಐತಲ್ಲಾ, ಅದರಿಂದ ಒಂದು ತಂತಿ ಹೊರಟು ಮನೆಯಾಚೆ ಮಣ್ಣಿನೊಳಗಿನ ಗುಂಡಿಗೆ ಹೋಗ್ಬೇಕು, ಅದಕ್ಕೇ ಅರ್ತಿಂಗ್ ಅನ್ನೋದು. ಮಷೀನಿನ ಮೈಗೆ ಕರೆಂಟು ಬಂದ್ರೆ ಅದು ನಮ್ಮ ಮೈ ಬಿಟ್ಟು ಆ ದಾರಿ ಹಿಡ್ದು ಮಣ್ಣು ಸೇರ್ತೈತೆ. ಇಲ್ಲಿ ಆ ದಾರೀನೇ ಇಲ್ಲ. ದಾರಿ ಐತೆ ಅಂತ ತೋರ್ಸಾಕೆ ಪಕ್ಕದ ತಂತಿಗೆ ಗಂಟು ಹಾಕಿದಾರೆ. ಲೈಟ್ ಇಟ್ಟು ಪರೀಕ್ಷೆ ಮಾಡಿದ್ರೆ ಉರೀತೈತೆ. ನೋಡಿದೋರು ಸರಿ ಐತೆ ಅಂತಾರೆ."

"ಮತ್ತೆ ಇಷ್ಟು ದಿನ ಯಾರಿಗೂ ಏನೂ ಆಗ್ಲಿಲ್ಲ?"

ಅರುಣಾ ಹಳೇ ನ್ಯೂಟ್ರಲ್ ತಂತಿಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದಳು. ಅದು ಅಲುಗಾಡಿತು. ಹಲಗೆಯ ಹಿಂದಿನ ಪೆಟ್ಟಿಗೆಯೊಳಗೆ ಬರುವ ಜಾಗದಲ್ಲೇ ತುಂಡಾಗಿತ್ತು. ತುದಿ ಕಪ್ಪಗೆ ಸುಟ್ಟಿತ್ತು.

"ಈ ತಂತಿ ಗಟ್ಟಿ ಇರೋತನ್ಕ ಏನೂ ಆಗಲ್ಲ. ಅವತ್ತು ಮುರೀತು. ಮೋಟಾರಿಗೆ ಹೋದ ಕರೆಂಟಿಗೆ ವಾಪಸ್ ಬರಾಕೆ ದಾರಿ ಇಲ್ಲ. ಗ್ರೈಂಡರ್ ತಿರುಗ್ಲಿಲ್ಲ. ಆ ಕರೆಂಟು ಈ ಎರಡಂಗುಲದ ತುಂಡು ಹಿಡ್ದು ಸೀದಾ ಗ್ರೈಂಡರಿನ ಮೈಗೆ ಬಂತು. ಸ್ವಿಚ್ ಹಾಕಿದ ಮಷೀನು ತಿರುಗ್ಲಿಲ್ಲ ಅಂದ್ರೆ ಯಾರಾದ್ರೂ ಏನ್ ಮಾಡ್ತಾರೆ?"

ಕಸ್ತೂರಮ್ಮನ ಕೈ ತಾನಾಗಿ ಗ್ರೈಂಡರಿನ ಕಡೆ ಹೋಗಿ ಅರ್ಧದಲ್ಲಿ ನಿಂತಿತು. "ಮುಟ್ಟಿ ನೋಡ್ತಾರೆ."

"ಮುಟ್ಟಿ ನೋಡಿದ್ಲು."

ದೂರಿನಲ್ಲಿ 'ಒದ್ದೆ ಕೈ' ಎಂದು ಬರೆದಿತ್ತು. 'ಮೃತಳು ಒದ್ದೆ ಕೈಯಿಂದ ಮುಟ್ಟಿದ್ದರಿಂದಲೂ.' ಅರುಣಾ ಆ ಎರಡು ಪದದ ಕೆಳಗೆ ಗೆರೆ ಎಳೆದಿದ್ದಳು. ಅಕ್ಕಿ ತೊಳೆಯುವ, ಉದ್ದು ನೆನೆಸುವ, ಹಿಟ್ಟು ತೋಡುವ ಹೆಂಗಸಿನ ಕೈ ಒದ್ದೆಯಿರದೆ ಇನ್ನು ಹೇಗಿರುತ್ತದೆ? ಆ ಕೈ ಒಣಗಿದ ದಿನ ಈ ಊರಿಗೆ ದೋಸೆ ಸಿಗುವುದಿಲ್ಲ. ತಿನ್ನುವಾಗ ಒದ್ದೆ ಕೈ ಬೇಕು, ಸತ್ತಾಗ ತಪ್ಪೂ ಅದೇ ಕೈಯದ್ದು!

ಪಾಲಣ್ಣ ಬರೆದುಕೊಂಡದ್ದನ್ನು ಗಟ್ಟಿಯಾಗಿ ಓದಿದರು. "ಸದರಿ ಪ್ಲಗ್ಗಿಗೆ ಯಾವುದೇ ಅರ್ಥ ಇರುವುದಿಲ್ಲ."

"ಅರ್ಥ ಅಲ್ರೀ ಪಾಲಣ್ಣಾರೇ. ಅರ್ತಿಂಗ್, ಅರ್ತಿಂಗ್! ಕೋರ್ಟಲ್ಲಿ ನಗ್ತಾರೆ."

"ಅರ್ಥ ಇಲ್ಲ ಅನ್ನೋದೂ ಖರೆ ಅಲ್ವಾ?" ಎನ್ನುತ್ತಾ ಪಾಲಣ್ಣ ಹೊಡೆದು ತಿದ್ದಿದರು.

ಹೊರಗೆ ಕಾರು ನಿಂತ ಸದ್ದಾಯಿತು.

ಗುರುಬಸವರಾಜ್ ಒಳಗೆ ಬಂದ. ಕಸ್ತೂರಮ್ಮನ ಸ್ವಂತ ತಮ್ಮ. ಊರಿಗೆ ದೊಡ್ಡ ವಿದ್ಯುತ್ ಗುತ್ತಿಗೆದಾರ. ಪರವಾನಗಿ ಇದ್ದವನು, ಮೊಹರು ಇದ್ದವನು. ಕೆಂಚೇಶ್ ಕೂಲಿ ಮಾಡುತ್ತಿದ್ದದ್ದು ಅವನ ಕೈಕೆಳಗೇ, ದೂರು ಬರೆದುಕೊಟ್ಟವನೂ ಅವನೇ. ಹಿಂದೆ ಅವನ ಹೆಂಡತಿ ಹೇಮಾವತಿ, ಕೈಯಲ್ಲಿ ಗಂಡನ ಅಕ್ಕನಿಗೆಂದು ತಂದ ಊಟದ ಡಬ್ಬಿ. ಅವಳು ಒಳಗೆ ಬರಲಿಲ್ಲ. ಪಡಸಾಲೆಯ ಬೆಂಚಿನ ತುದಿಯಲ್ಲಿ ಕೂತಳು.

"ಏನಮ್ಮಾ, ನಮ್ಮಕ್ಕನ ಮನೆ ಗೋಡೆ ಬಗೆದು ಮುಗೀತಾ?"

"ಮುಗೀತಾ ಬಂತು. ನೀವೇ ಬಂದಿದ್ದು ಒಳ್ಳೇದಾಯ್ತು. ಈ ಪ್ಲಗ್ ಹಾಕಿದ್ದು ಯಾರು ಸಾರ್?"

"ದೂರಲ್ಲಿ ಬರೆದೀನಲ್ಲಾ. ನಿಮ್ಮ ಕೆಂಚ. ಸಂಕ್ರಾಂತಿ ಆದ ಮೇಲೆ."

"ವಿಭೂತಿ ಏನೋ ಬೇರೆ ಹೇಳ್ತೈತೆ."

ಅವಳು ಫೋನಿನ ಪರದೆ ಹಿಡಿದು ತೋರಿಸಿದಳು. ಕಡಿಯದ ಮೂರು ಗೆರೆ. ಗೀರು ತುಂಬಿದ ಸ್ಕ್ರೂ. ಗುರುಬಸವರಾಜ್ ಎರಡು ಸಲ ನೋಡಿದ. ಮೂರನೇ ಸಲ ಅಕ್ಕನ ಮುಖ ನೋಡಿದ.

"ಅಕ್ಕ ನಡುವೆ ಯಾವಾಗಾದ್ರೂ ಹಚ್ಚಿರ್ತಾಳೆ. ಸೋಮವಾರ, ಶಿವರಾತ್ರಿ..."

"ಇಲ್ಲ ಕಣೋ," ಎಂದರು ಕಸ್ತೂರಮ್ಮ. "ಹಚ್ಚಿದ್ದು ಪೂಜೆ ದಿನ. ಅವತ್ತು ಚೆಂಡುಹೂ ನೀನೇ ತಂದುಕೊಟ್ಟಿದ್ದೆ."

ಗುರುಬಸವರಾಜ್ ನಕ್ಕ. ಸೋತವನ ನಗು ಆಗಿರಲಿಲ್ಲ ಅದು. "ಸರಿ ಬಿಡ್ರಿ. ಎರಡು ವರ್ಷದ ಹಿಂದೆ ಮನೆ ಲೋಡ್ ಜಾಸ್ತಿ ಮಾಡಿಸ್ದಾಗ ನಮ್ಮ ಕಡೆಯೋರು ಯಾರೋ ಹಾಕಿರ್ಬೇಕು. ಏನೀಗ? ಹಳೇ ಮನೆ. ಮೂರನೇ ತಂತಿ ಎಳೀಬೇಕಂದ್ರೆ ದೇವರಮನೆ ಗೋಡೆ ಒಡೀಬೇಕಿತ್ತು. ಇಂಥಾ ಮನೆಗಳಲ್ಲಿ ಎಲ್ಲಾರೂ ಮಾಡೋದು ಹಿಂಗೇನೇ."

"ಎಲ್ಲಾರೂ ಮಾಡಿದ್ರೆ ನಿಯಮ ಬದಲಾಗುತ್ತಾ?" ಅರುಣಾಳ ದನಿ ಏರಲಿಲ್ಲ, ಗಟ್ಟಿಯಾಯಿತು. "ಎರಡು ತೂತಿನದ್ದು ತೆಗೆದು ಮೂರು ತೂತಿನದ್ದು ಹಾಕ್ಬೇಕಾದ್ರೆ ಅರ್ತಿಂಗ್ ತಂತಿ ಬೇರೇನೇ ಎಳೀಬೇಕು. ಅದು ಮೇನ್ ಬೋರ್ಡಿಗೆ, ಅಲ್ಲಿಂದ ಗುಂಡಿಗೆ ಹೋಗ್ಬೇಕು. ನ್ಯೂಟ್ರಲ್ಲಿಗೆ ಗಂಟು ಹಾಕಂಗಿಲ್ಲ. ಎಳೆಯಾಕೆ ಆಗಲ್ವಾ? ಪ್ಲಗ್ ಬದಲಾಯಿಸ್ಬೇಡ. ಇಲ್ಲಿ ಗ್ರೈಂಡರ್ ಹಾಕಂಗಿಲ್ಲ ಅಂತ ಮನೆಯೋರಿಗೆ ಹೇಳಿ ಹೋಗು. ಮೂರನೇ ತೂತು ಅಂದ್ರೆ ಮಾತು ಕೊಟ್ಟಂಗೆ ಸಾರ್. ಗೋಡೆ ಮೇಲೆ ಅದು ಕಂಡ್ರೆ ಹೆಂಗಸ್ರು ನಂಬ್ತಾರೆ. ನೀವು ಕೊಟ್ಟ ಮಾತು ಎರಡಂಗುಲ."

"ಭಾಷಣ ಚೆನ್ನಾಗಿ ಮಾಡ್ತೀಯಮ್ಮಾ."

"ಭಾಷಣ ನಂದು. ಸಹಿ ನಿಮ್ದು." ಅವಳು ಚೀಲದಿಂದ ಹಾಳೆಯೊಂದನ್ನು ತೆಗೆದಳು. ಲೋಡ್ ಹೆಚ್ಚಿಸಿದಾಗ ಕೊಟ್ಟ ಪರೀಕ್ಷಾ ವರದಿಯ ನಕಲು. "'ಎಲ್ಲಾ ಮೂರು ಪಿನ್ ಪಾಯಿಂಟುಗಳ ಅರ್ತಿಂಗ್ ಖುದ್ದು ಪರೀಕ್ಷಿಸಲಾಗಿದೆ.' ಕೆಳಗೆ ಮೊಹರು ಯಾರ್ದು?"

ಪಾಲಣ್ಣನ ಪೆನ್ನು ಸರಸರ ಓಡಿತು.

ಒಂದು ಗಳಿಗೆ ಅರುಣಾಳಿಗೆ ಅನಿಸಿತು: ಮುಗೀತು. ಮೂರು ಗಂಟೆಯೊಳಗೆ ಈ ಫೋಟೋಗಳು ವಕೀಲರ ಕೈ ಸೇರಿದರೆ ಸಾಕು, ಕೆಂಚೇಶ್ ಇವತ್ತು ರಾತ್ರಿ ಮನೆಯಲ್ಲಿ ಉಣ್ಣುತ್ತಾನೆ.

"ಸರೀಪ್ಪಾ," ಎಂದ ಗುರುಬಸವರಾಜ್. ತನ್ನ ಫೋನ್ ತೆಗೆದ. ತಡಕಾಡಿ ಒಂದು ಫೋಟೋ ಹುಡುಕಿದ. "ಇದನ್ನೂ ನೋಡು. ಅದೇ ಆಯುಧ ಪೂಜೆ ದಿನದ್ದು. ಹೂವು ತಂದಾಗ ನಾನೇ ತೆಗೆದಿದ್ದು. ಮೇನ್ ಬೋರ್ಡು."

ಫೋಟೋದಲ್ಲಿ ಮುಚ್ಚಳ ತೆರೆದು ಹೂವಿನ ಸರ ಹಾಕಿದ ಮೇನ್ ಬೋರ್ಡು. ನಡುವೆ ಟ್ರಿಪ್ಪರು. ಕರೆಂಟು ಒಂಚೂರು ಮೈಗೆ ಸೋರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಮನೆಯ ಕರೆಂಟು ಕಡಿದು ಹಾಕುವ ಸಾಧನ. ಅದಕ್ಕೆ ಬಂದು ಹೋಗುವ ತಂತಿಗಳೆಲ್ಲ ನೆಟ್ಟಗೆ ತಮ್ಮ ಜಾಗದಲ್ಲಿದ್ದವು.

"ಟ್ರಿಪ್ಪರು ಹಾಕಿದ್ದು ನಾನು. ಅದು ಕೆಲಸ ಮಾಡ್ತಿದ್ರೆ ನಿನ್ನ ಎರಡಂಗುಲದ ತಂತಿ ಅಂಜಮ್ಮನಿಗೆ ಒಂದು ಜುಮ್ಮು ಕೊಟ್ಟು ಬಿಡ್ತಿತ್ತು, ಅಷ್ಟೇ. ಸಾಯ್ತಿರ್ಲಿಲ್ಲ. ಹೌದೋ ಅಲ್ವೋ?"

ಹೌದು. ಅರುಣಾ ಸುಳ್ಳು ಹೇಳುವವಳಲ್ಲ. "ಹೌದು."

"ಹೋಗಿ ಮೇನ್ ಬೋರ್ಡು ಬಿಚ್ಚಿ ನೋಡು."

ಪಡಸಾಲೆಯಲ್ಲಿ, ಬೀದಿ ಬಾಗಿಲ ಪಕ್ಕದ ಗೋಡೆಯ ಗೂಡಿನಲ್ಲಿ ಮೇನ್ ಬೋರ್ಡು. ಅರುಣಾ ಮುಚ್ಚಳ ತೆಗೆದಳು. ಟ್ರಿಪ್ಪರು ಅಲ್ಲೇ ಇತ್ತು, ಗುಂಡಿ ಮೇಲಕ್ಕೇ ಇತ್ತು. ಆದರೆ ಅದಕ್ಕೆ ಬರಬೇಕಾದ ತಂತಿಯನ್ನೂ ಅದರಿಂದ ಹೋಗಬೇಕಾದ ತಂತಿಯನ್ನೂ ಕಿತ್ತು, ಒಂದಕ್ಕೊಂದು ಹೆಣೆದು, ಟೇಪು ಸುತ್ತಿ ಹಿಂದಕ್ಕೆ ತುರುಕಿದ್ದರು. ನೋಟಕ್ಕೆ ಕಾವಲು. ಒಳಗೆ ಡೈರೆಕ್ಟು.

ಟೇಪು ಹೊಸದು. ಇಲ್ಲಿ ವಿಭೂತಿಯ ಗೆರೆ ಅವಳು ಮುಟ್ಟುವ ಮೊದಲೇ ಒಡೆದಿತ್ತು.

"ಪೂಜೆ ಆದ ಮೇಲೆ ಆಗಿರೋ ಕೆಲಸ," ಎಂದ ಗುರುಬಸವರಾಜ್ ಬೆನ್ನ ಹಿಂದಿನಿಂದ. "ನಿನ್ನ ವಿಭೂತೀನೇ ಹೇಳ್ತೈತೆ. ಜನವರಿಲಿ ಈ ಮನೆಗೆ ಕೆಂಚ ಬಂದಿದ್ದನ್ನ ಅವನೇ ಒಪ್ಪಿದಾನೆ. ಫ್ಯೂಸ್ ಹಾಕಾಕೆ ಬಂದಿದ್ದೆ ಅಂದಿದಾನೆ. ಕೇಳು ಅವನ್ನ. ಯಾವ ಫ್ಯೂಸು ಅಂತ ಕೇಳು."

ಅರುಣಾ ಫೋನ್ ಹಚ್ಚಿದಳು. ರೇಣುಕಪ್ರಸಾದ್ ಜೈಲಿನ ಭೇಟಿ ಕೋಣೆಯಲ್ಲೇ ಇದ್ದರು. ಅವಳು ಫೋನನ್ನು ಸ್ಪೀಕರಿಗೆ ಹಾಕಿದಳು. ಮುಚ್ಚಿಟ್ಟು ಕೇಳಿದ್ದು ನಾಳೆ ತನ್ನ ಕಾಲಿಗೇ ತೊಡರುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಸಾರ್, ಒಂದೇ ಪ್ರಶ್ನೆ ಕೇಳಿ ಅವನ್ನ. ಜನವರಿಲಿ ಮೇನ್ ಬೋರ್ಡಿನ ಟ್ರಿಪ್ಪರ್ ಮುಟ್ಟಿದ್ಯಾ ಅಂತ."

ಆ ಕಡೆ ಮಾತು, ಆಮೇಲೆ ಅಳು, ಮತ್ತೆ ಮಾತು. ವಕೀಲರ ದನಿ ವಾಪಸ್ ಬಂದಾಗ ಸಣ್ಣದಾಗಿತ್ತು.

"ಅರುಣಾ... ಡೈರೆಕ್ಟ್ ಮಾಡಿದ್ದು ತಾನೇ ಅಂತಾನೆ."

ಗುರುಬಸವರಾಜ್ ಪಾಲಣ್ಣನ ಕಡೆ ನೋಡಿದ, ವಕೀಲರು ಮುಂದುವರಿಸಿದರು.

"ಅಳ್ತಿದಾನಮ್ಮಾ. ದಿನಕ್ಕೆ ಹತ್ತು ಸಲ ಟ್ರಿಪ್ಪರ್ ಬೀಳ್ತಿತ್ತಂತೆ, ಹಿಟ್ಟು ಅರ್ಧಕ್ಕೇ ನಿಲ್ತಿತ್ತಂತೆ. ತೆಗೆದು ಕೊಡಪ್ಪಾ ಅಂತ ಅಂಜಮ್ಮನೇ ಫೋನ್ ಮಾಡಿ ಕೇಳ್ಕೊಂಡ್ಲು ಅಂತಾನೆ. ಸತ್ತೋಳ ಮೇಲೆ ಹೆಂಗೆ ಹೇಳ್ಲಿ ಅಂತ ಇಷ್ಟು ದಿನ ಬಾಯಿ ಬಿಟ್ಟಿಲ್ಲ."

"ಮುಗೀತಲ್ಲಾ!" ಗುರುಬಸವರಾಜ್ ಅಂಗೈಗೆ ಅಂಗೈ ಉಜ್ಜಿದ. "ಕೇಳ್ದೋಳು ಅವ್ಳು. ತೆಗೆದೋನು ಅವ್ನು. ಪಾಲಣ್ಣ, ಇದನ್ನ ದಪ್ಪ ಅಕ್ಷರದಲ್ಲಿ ಬರ್ಕೊ."

ಅರುಣಾ ಯಾರನ್ನು ಬಿಡಿಸಲು ಬಂದಿದ್ದಳೋ ಅವನ ಬೆರಳ ಗುರುತು ಅವಳೇ ಬಿಚ್ಚಿದ ಮುಚ್ಚಳದಡಿ ಸಿಕ್ಕಿತ್ತು. ಫೋನ್ ಇಟ್ಟುಬಿಡಬಹುದಿತ್ತು. ಪ್ಲಗ್ಗಿನ ಫೋಟೋ ಮಾತ್ರ ಕಳಿಸಿ ಕೈ ತೊಳೆದುಕೊಳ್ಳಬಹುದಿತ್ತು. ಅವಳು ಕೈ ತೊಳೆದುಕೊಳ್ಳಲಿಲ್ಲ.

"ಸಾರ್, ಫೋನ್ ಅವನ ಬಾಯಿ ಹತ್ರ ಹಿಡೀರಿ. ಕೆಂಚೇಶಣ್ಣಾ, ಅಳೋದು ನಿಲ್ಸು. ನಾನು ಕೇಳಿದ್ದಕ್ಕಷ್ಟೇ ಹೇಳು. ಫೋನ್ ಮಾಡಿದ್ದು ಅಂಜಮ್ಮ ಅಂತ ನಿಂಗೆ ಹೆಂಗೆ ಗೊತ್ತು?"

"ನಂಬರ್ ಅವ್ರದ್ದೇ ಅಕ್ಕಾ. 'ಅಂಜಮ್ಮನ ಮೆಸ್ಸು' ಅಂತ ಇಟ್ಕಂಡೀನಿ."

"ಅಂಜಮ್ಮ ಅಂತ ಅವಳು ಬಾಯಲ್ಲಿ ಹೇಳಿದ್ಲಾ?"

"ನಾನು 'ಏನ್ ಅಂಜಕ್ಕಾ' ಅಂದೆ. 'ಹ್ಞೂಂ' ಅಂದ್ರು."

"ಮನೆಗೆ ಬಂದಾಗ ಮುಖ ನೋಡಿದ್ಯಾ?"

ಆ ಕಡೆಯಿಂದ ಮೂಗೆಳೆಯುವ ಸದ್ದಷ್ಟೇ ಬಂತು.

"ಕೆಂಚೇಶಣ್ಣಾ."

"ಇಲ್ಲಕ್ಕಾ. ಬೋರ್ಡು ಬೀದಿ ಬಾಗಿಲ ಹತ್ರ ಅಲ್ವಾ. ಅಲ್ಲೇ ನಿಂತು ಮಾಡ್ದೆ. ಅವ್ರು ಅಡುಗೆಮನೆಯಿಂದಲೇ ಕೂಗಿ ಮಾತಾಡಿದ್ರು." ಅವನ ದನಿ ತಗ್ಗಿತು. "ಒಳಗೆ ನಮ್ಮನ್ನ ಬಿಡಲ್ಲಕ್ಕಾ. ನಮ್ಮ ಜನಾನ ಆ ಮನೇಲಿ ಅಡುಗೆಮನೆ ಹೊಸ್ತಿಲು ದಾಟಾಕೆ ಬಿಡಲ್ಲ. ಅದನ್ನ ಯಾರೂ ನನ್ನ ಕೇಳ್ಲಿಲ್ಲ."

ಅರುಣಾ ಕಣ್ಣು ಮುಚ್ಚಿ ತೆರೆದಳು. ಹನ್ನೆರಡು ದಿನ! ಅಡುಗೆಮನೆಯ ಪ್ಲಗ್ ಬದಲಿಸಿದ ಎಂದು ಜೈಲಿಗೆ ಹಾಕಿಸಿಕೊಂಡವನಿಗೆ ಆ ಅಡುಗೆಮನೆಯೊಳಗೆ ಕಾಲಿಡುವ ಹಕ್ಕೇ ಇರಲಿಲ್ಲ. ಮನೆಯವರಿಗೆಲ್ಲ ಗೊತ್ತಿದ್ದ ಸಂಗತಿ. ಅವನ ಪರ ಅದಕ್ಕಿಂತ ದೊಡ್ಡ ಸಾಕ್ಷಿ ಇರಲಿಲ್ಲ. ಹೇಳಿದರೆ ಮನೆಯ ಮಾನ ಹೋಗುತ್ತದೆಂದು ಎಲ್ಲರೂ ಅದನ್ನು ನುಂಗಿಕೊಂಡು ಕೂತಿದ್ದರು.

ಅವಳು ಕಸ್ತೂರಮ್ಮನ ಕಡೆ ತಿರುಗಿದಳು. "ಖರೇನಾ ಅಮ್ಮಾ?"

ಕಸ್ತೂರಮ್ಮ ಸೆರಗಿನ ತುದಿ ಹಿಡಿದು ನಿಂತಿದ್ದರು. ಅರವತ್ತು ದಾಟಿದ ಹೆಂಗಸು. ಊರಿನ ಅರ್ಧ ಆಫೀಸುಗಳಿಗೆ ಡಬ್ಬಿ ಕಳಿಸುವ ಕೈ. ಪಾಲಣ್ಣ ಪೆನ್ನು ಎತ್ತಿ ಹಿಡಿದರು, ಬರೆಯಲಿಲ್ಲ.

"ಅಮ್ಮಾ, ಯೋಚನೆ ಮಾಡಿ ಹೇಳ್ರಿ. ಇದನ್ನ ಬರೆದ್ರೆ ನಿಮ್ಮ ಮೇಲೇ ಜಾತಿ ದೌರ್ಜನ್ಯದ ಬೇರೆ ಕೇಸು ಆಗ್ತೈತೆ. ಜಾಮೀನೂ ಸುಲಭಕ್ಕೆ ಸಿಗಲ್ಲ," ಎಂದರು ಪಾಲಣ್ಣ.

"ಅಕ್ಕಾ, ಒಳಗೆ ನಡಿ," ಎಂದ ಗುರುಬಸವರಾಜ್. "ಇವ್ರ ಮಾತಿಗೆ ಸಿಕ್ಕು ನೀನ್ಯಾಕೆ..."

"ಅಂಜಮ್ಮ ಇಪ್ಪತ್ತೆರಡು ವರ್ಷ ಇಲ್ಲಿ ಬೇಯಿಸಿದ್ಲು," ಎಂದರು ಕಸ್ತೂರಮ್ಮ. "ನಾನಿಟ್ಟ ಹೆಸರು ಬೋರ್ಡ್ ಮೇಲೇ ಉಳೀತು. ಊರೆಲ್ಲಾ ಅಂಜಮ್ಮನ ಮೆಸ್ಸು ಅಂದ್ರು. ಫೋನಲ್ಲೂ ಹಂಗೇ ಇಟ್ಕಂಡ್ರು. ನಂಗೆ ಹೊಟ್ಟೆಕಿಚ್ಚೂ ಆಗಿತ್ತು, ಸುಳ್ಳ್ಯಾಕೆ ಹೇಳ್ಲಿ. ಬರ್ಕೊ ಪಾಲಣ್ಣ. ಬಿಡಲ್ಲ ಅಂತ ಬರ್ಕೊ. ಬಿಡಬಾರ್ದು ಅಂದೋಳು ನಾನೇ ಅಂತ ಬರ್ಕೊ."

ಪಾಲಣ್ಣ ಬರೆದರು.

"ಇನ್ನೊಂದೂ ಬರ್ಕೊ. ಸಂಕ್ರಾಂತಿಯಿಂದ ಶಿವರಾತ್ರಿತನ್ಕ ಅಂಜಮ್ಮ ಈ ಊರಲ್ಲೇ ಇರ್ಲಿಲ್ಲ. ಮಗಳ ಬಾಣಂತನಕ್ಕೆ ತ್ಯಾವಣಿಗೆಗೆ ಹೋಗಿದ್ಲು. ಗಿರಾಕಿಗಳು ಡಬ್ಬಿಗೆ ಫೋನ್ ಮಾಡ್ತಾರೆ ಅಂತ ತನ್ನ ಫೋನನ್ನ ಇಲ್ಲೇ ಬಿಟ್ಟು ಹೋಗಿದ್ಲು."

ಅರುಣಾ ಮೇನ್ ಬೋರ್ಡಿನ ಮುಚ್ಚಳ ಕೆಳಗಿಟ್ಟಳು. "ಹಂಗಾದ್ರೆ ಆ ತಿಂಗಳು ಅಡುಗೆಗೆ ಯಾರು ನಿಂತಿದ್ರು?"

ಕಸ್ತೂರಮ್ಮ ಬೆಂಚಿನ ತುದಿ ನೋಡಿದರು.

ಊಟದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಹೇಮಾವತಿ ಎದ್ದು ನಿಂತಳು.

"ಹೇಮಾ, ಕಾರಲ್ಲಿ ಕೂತ್ಕೋ ನಡಿ!" ಎಂದ ಗುರುಬಸವರಾಜ್.

ಅವಳು ಕೂರಲಿಲ್ಲ, ನಡೆಯಲೂ ಇಲ್ಲ. ಡಬ್ಬಿಯನ್ನು ಬೆಂಚಿನ ಮೇಲಿಟ್ಟಳು.

"'ಹ್ಞೂಂ' ಅಂದೋಳು ನಾನೇ," ಎಂದಳು ಅರುಣಾಳಿಗೆ. ಗಂಡನ ಕಡೆ ತಿರುಗಿಯೂ ನೋಡಲಿಲ್ಲ. "ಕೆಂಚೇಶನ್ನ ಕರೆಸು, ನಿನ್ನ ಹೆಸರು ಹೇಳ್ಬೇಡ ಅಂದಿದ್ರು ಇವ್ರು. ಟ್ರಿಪ್ಪರ್ ಬೀಳ್ತಿದ್ದದ್ದು ಗ್ರೈಂಡರಿಗಲ್ಲ ಮೇಡಮ್. ಈ ಬೋರ್ಡಿನ ಬೆನ್ನಿಂದ ಇನ್ನೊಂದು ತಂತಿ ಹಿತ್ತಲ ಗೋಡೆ ಆಚೆ ಇವ್ರ ಗೋಡೌನಿಗೆ ಹೋಗೈತೆ. ಅದಕ್ಕೇ ಬೀಳ್ತಿತ್ತು."

"ಹೇಮಾ!"

"ಆ ತಂತಿ ಕೊನೇಲಿ ಏನೈತೆ ಅಂತ ನಾನು ನೋಡೀನಿ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಸಾಯೋ ಹಿಂದಿನ ದಿನ ಅಂಜಮ್ಮಾನೂ ನೋಡಿದ್ಲು. ಅದು ಇವ್ರಿಗೂ ಗೊತ್ತಿತ್ತು."